ಕಪ್ಪಗಿರುವುದೆಲ್ಲ ಕತ್ತಲಲ್ಲ

ಆಕ್ರಾದ ಸರ್ಕಲ್ಲಿನಲ್ಲಿ, ಮೇಲ್ಸೇತುವೆಯ ಬುಡದಲ್ಲಿ
ಒಂದು ಮರದ ಹಲಗೆ, ಹರಿದ ಕೊಡೆ, ಒಂದು ಭೂತಗನ್ನಡಿ.
ಇಷ್ಟೇ ನನ್ನ ಅಂಗಡಿ.
ಮೀನು ಹೊಗೆಗಿಡುವ ಅಜೆಲೆ ಬಂದಳು ಚೋರ್ಕೊರಿನಿಂದ.
ಅವಳಿಗಿಂತ ಮೊದಲು
ಬಂದಿತ್ತು ಅವಳ ಹೊಗೆ.

ಸೊಂಟದ ಬಟ್ಟೆಯ ಗಂಟು ಬಿಚ್ಚಿ ಫೋನು ತೆಗೆದಳು.
ಒಡೆದದ್ದಲ್ಲ, ಅರೆದದ್ದು.
"ಒಲೆಯ ಜಾಲರಿ ಬಿತ್ತು ಒಡಾರ್ಟೆ, ಇದರ ಮೇಲೆ"
ಅಂದಳು, ಪೆಟ್ಟಾದದ್ದು ಜಾಲರಿಗೆ ಎನ್ನುವ ಹಾಗೆ.

ಮೂರು ಪರದೆ ಹರಡಿದೆ. ಮೂರಕ್ಕೂ ಒಂದೇ ಚಿತ್ರ ಕೊಟ್ಟೆ,
ಗಿರಾಕಿಗಳಿಗೆಲ್ಲ ನಾನು ತೋರಿಸುವುದು ಅದನ್ನೇ:
ನಡುರಾತ್ರಿಯ ಕಡಲು, ಒಂದು ದೋಣಿ, ದೋಣಿಯಲ್ಲೊಂದು ಲಾಟೀನು.

ಇದು ಎಲ್‌ಸಿಡಿ ಅಂದೆ. ಬೆನ್ನ ಹಿಂದೆ ಸದಾ ಉರಿಯುವ ದೀಪ,
ಮುಂದೆ ಸಾಲುಸಾಲು ಕಿಟಕಿ. ಕದ ಮುಚ್ಚಿದರೆ ಕಪ್ಪು.
ಯಾವ ಕದ ತಾನೇ ಪೂರ್ತಿ ಮುಚ್ಚುತ್ತದೆ?
ಸಂದಿಯಲ್ಲಿ ಸೋರಿದ ಬೆಳಕು ಕಡಲಿಗೆ ಬೂದಿ ಬಳಿದಿದೆ ನೋಡು.

ಇದು ಓಎಲ್‌ಇಡಿ. ಇದಕ್ಕೆ ಬೆನ್ನದೀಪವಿಲ್ಲ,
ಒಂದೊಂದು ಚುಕ್ಕೆಯೂ ತಾನೇ ಹಣತೆ, ತಾನೇ ಎಣ್ಣೆ.
ಕಪ್ಪಾಗು ಎಂದರೆ ಮರೆಯಾಗುವುದಿಲ್ಲ, ಆರಿಯೇ ಹೋಗುತ್ತದೆ.
ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರಲ್ಲ,
ಕಪ್ಪಗಿರುವುದೆಲ್ಲ ಕತ್ತಲಲ್ಲ, ಅಕ್ಕ.

ಬಗ್ಗಿ ನೋಡಿದಳು,
ಮೂವತ್ತು ವರ್ಷ ಹೊಗೆಯಲ್ಲಿ ಒರೆಸಿಕೊಂಡ ಕಣ್ಣು.
"ಇದು ಕಡಲಲ್ಲ, ನೀರು ಚೆಲ್ಲಿದ ಒಲೆ," ಮೊದಲನೆಯದಕ್ಕೆ.
ಎರಡನೆಯದಕ್ಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.
"ಇಷ್ಟು ಕಪ್ಪಿನಲ್ಲಿ ನನ್ನ ತಮ್ಮ ದಡ ಹುಡುಕುವುದು ಹೇಗೆ?"

ಮೂರನೆಯದು ಇನ್ನೂ ದುಬಾರಿ, ಇನ್ನೂ ನವಿರು:
ಅಡ್ಡಕ್ಕೆ ಸಾವಿರದ ನಾನೂರ ನಲವತ್ತು, ಉದ್ದಕ್ಕೆ ಮೂರು ಸಾವಿರದ ಇನ್ನೂರು,
ಗುಣಿಸಿದರೆ ನಲವತ್ತಾರು ಲಕ್ಷ ಚುಕ್ಕೆ.
ಅಗ್ಗದ್ದರಲ್ಲಿ ಹನ್ನೊಂದೂವರೆ ಲಕ್ಷ, ಅಷ್ಟೇ.
"ನಾನು ಬೂತಾಯಿಯನ್ನು ಬುಟ್ಟಿಯಲ್ಲಿ ಅಳೆಯುತ್ತೇನೆ.
ಇದನ್ನು ಎಣಿಸಿದವರು ಯಾರು?"

ಭೂತಗನ್ನಡಿ ಕೊಟ್ಟೆ. ಉಸಿರು ಹಿಡಿದು ಇಣುಕಿದಳು.
ಕೆಂಪು, ಹಸಿರು, ನೀಲಿ. ಮತ್ತೆ ಹಸಿರು.
"ಹಸಿರು ಯಾಕೆ ಎರಡು ಪಾಲು?"
ಕೆಂಪು ನೀಲಿಗಳು ಪಕ್ಕದ ಮನೆಯ ಜೊತೆ ಹಂಚಿಕೊಂಡು ಬಾಳುತ್ತವೆ ಅಂದೆ.
"ಹಾಗಾದರೆ ನಲವತ್ತಾರು ಲಕ್ಷದಲ್ಲಿ ಪೂರ್ತಿ ಸಂಸಾರ ಎಷ್ಟು?
ತೂಕದಲ್ಲಿ ಕಲ್ಲು ಇದೆ ಒಡಾರ್ಟೆ."
ಹನ್ನೆರಡು ವರ್ಷದಲ್ಲಿ ಯಾವ ಗಿರಾಕಿಯೂ
ಇದನ್ನು ಕೇಳಿರಲಿಲ್ಲ.

ಬೆಲೆ ಹೇಳಿದೆ. ಕೇಳಿಸಲಿಲ್ಲ ಎಂಬಂತೆ
ಮೂರನ್ನೂ ಒಂದೊಂದಾಗಿ ಬೆರಳಲ್ಲಿ ಒತ್ತಿದಳು, ವಾಲಿಸಿದಳು,
ವೈರು ಎಟಕುವಷ್ಟು ಕೊಡೆಯಾಚೆ ಬಿಸಿಲಿಗೆ ಹಿಡಿದಳು.
ಹೊಳಪು ಕಡಿಮೆಯಿದ್ದ ಮೊದಲನೆಯದರಲ್ಲಿ
ಅವಳಿಗೆ ಕಂಡದ್ದು ಅವಳ ಮುಖ. ಉಳಿದೆರಡು ಹೇಗೋ ತಾಳಿಕೊಂಡವು.

ಆಗ ನೆನಪಾಯಿತು, ಡಬ್ಬಿಯ ತಳದಲ್ಲಿತ್ತು ಇನ್ನೊಂದು,
ಟ್ಯಾಕ್ಸಿಯವನೊಬ್ಬನ ಫೋನಿನಿಂದ ಬಿಚ್ಚಿದ್ದು. ಅದೂ ಓಎಲ್‌ಇಡಿ, ಸವೆದದ್ದು.
ಬಿಳಿ ಬೆಳಕು ಕೊಟ್ಟರೆ ಸಾಕು, ನಟ್ಟನಡುವೆ ಮಸುಕಾಗಿ
ಎದ್ದು ಬರುತ್ತದೆ ನಕಾಶೆಯ ಬಾಣ.
ಮೂರು ವರ್ಷ ಒಂದೇ ಕಡೆ ಉರಿದು ಆ ಚುಕ್ಕೆಗಳು ದಣಿದಿವೆ,
ಇನ್ನು ಅಳಿಸುವುದಿಲ್ಲ. ಅದಕ್ಕೇ ಅರ್ಧ ಬೆಲೆ ಅಂದೆ.

"ಇದು ಯಾವ ಕಡೆ ತೋರಿಸುತ್ತದೆ?"
ಮೇಲಕ್ಕೆ ಅಂದೆ. ನೀನು ಹಿಡಿದ ಕಡೆಗೆ.
"ಹಾಕು."

ಅರ್ಧ ಹಣ ಸೀಡಿಯಲ್ಲಿ ಕೊಟ್ಟಳು, ಉಳಿದದ್ದು ಮೀನಿನಲ್ಲಿ.
ಕೆಂಕೆ ಮುದ್ದೆಯ ಜೊತೆ ಮಧ್ಯಾಹ್ನವೇ ಮುಗಿಸಿದೆ.
ಸಂಜೆ ಅಂಗಡಿ ಕಟ್ಟುವಾಗ
ಮೂರು ಪರದೆಯ ಮೇಲೂ ಅವಳ ಹೆಬ್ಬೆರಳ ಎಣ್ಣೆ.
ಒಂದೊಂದು ಗೆರೆಯೂ ಎಣಿಸುವ ಹಾಗೆ,
ಅಗ್ಗದ್ದರಲ್ಲೂ, ದುಬಾರಿಯದರಲ್ಲೂ.
ಒರೆಸುವ ಮೊದಲು
ಭೂತಗನ್ನಡಿ ಇಟ್ಟು ನೋಡಿದೆ.